ಜಾಡಿಯೊಳಗಿನ ಸೂರ್ಯ

ಪೆನ್ನು ಅಲ್ಲೇ ಇಡವ್ವ, ಎಲ್ಲಿಗೂ ಓಡೋಗಲ್ಲ ಅದು. ಸೈನು ತಾನೆ? ಹಾಕಾನ, ಹಾಕಾನ! ಈ ಜವರಯ್ಯನ ಸೈನೇನು ಮಂತ್ರಿಗಳ ಸೈನಾ, ಕಾಯಿಸೋಕೆ? ಮೊದಲು ಕೂತ್ಕೊ. ಅಯ್ಯಯ್ಯೋ, ಆ ಕುರ್ಚಿ ಬೇಡ! ಅದಕ್ಕೆ ಒಂದು ಕಾಲು ಲೂಸು. ಓಟು ಕೇಳೋಕೆ ಬರೋರಿಗೆ ಅಂತಲೇ ಮಡಗಿರೋದು. ಈ ಬೆಂಚಿಗೆ ಬಾ... ನಗಲಿಲ್ಲವಲ್ಲ ನೀನು? ಈ ಕುರ್ಚಿ ಮಾತಿಗೆ ಪಂಚಾಯ್ತಿ ಸೆಕ್ರೆಟರಿನೂ ನಕ್ಕವ್ನೆ. ಬಿದ್ದ ಮೇಲೂ ನಕ್ಕ.

ಏನವ್ವ ಭಾವನಾ, ಬೆರಳೆಲ್ಲ ಮಸಿ? ಬಿಳಿಕೆರೆಯಿಂದ ಬಸ್ಸಲ್ಲಿ ನಿಂತ್ಕಂಡೇ ಬಂದ್ಯಾ? ಆ ಬಸ್ಸಿನ ಕಂಬಿ ಹಿಡಿದ್ರೆ ಅಷ್ಟೇ. ಹಿತ್ತಲಲ್ಲಿ ನೀರೈತೆ, ತೊಳ್ಕೊ. ಬ್ಯಾಡ್ವಾ? ಬ್ಯಾಡಂದ್ರೆ ಬುಡು. ನಿಮ್ಮ ಸೋಮಮ್ಮತ್ತೆ ಹೊಲಕ್ಕೆ ಹೋಗವ್ಳೆ, ಇಲ್ಲದಿದ್ರೆ ಇಷ್ಟೊತ್ತಿಗೆ ಕಾಫಿ ಬತ್ತಿತ್ತು. ನಾನು ಮಾಡಿದ್ರೆ ನೀನು ಕುಡಿಯಲ್ಲ. ನಾನು ಮಾಡಿದ ಕಾಫಿಲಿ ಉಪ್ಪಿರುತ್ತೆ ಅಂತ ಊರಿಗೆಲ್ಲ ಗೊತ್ತು.

ಎಲ್ಲಿ, ಕೊಡು ಆ ಕಾಗದ. 'ಗಾವಡಗೆರೆಯ ರೈತ ಜವರಯ್ಯನಾದ ನಾನು, ಸಾವಿರದ ಒಂಬೈನೂರ ತೊಂಬತ್ತೆರಡನೇ ಇಸವಿಯ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ನನ್ನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಕೋಣೆಯಲ್ಲಿ ಶ್ರೀ ವಿರೂಪಾಕ್ಷ ಮೇಷ್ಟ್ರು ನಡೆಸಿದ ಪ್ರಯೋಗಕ್ಕೆ ಸಾಕ್ಷಿಯಾಗಿದ್ದು, ಜಾಡಿಯನ್ನು ಅವರ ಹೊರತು ಬೇರೆ ಯಾರೂ ಮುಟ್ಟಿಲ್ಲವೆಂದು...' ಚೆನ್ನಾಗಿ ಬರ್ದಿದ್ದೀಯ ಕಣವ್ವ. ಥೇಟ್ ನಿಮ್ಮಪ್ಪನ ಕೈಬರ. 'ಳ'ದ ಬಾಲ ನೋಡು, ಅದೇ ಬಾಲ! ಅಂದ್ರೆ ಇದಕ್ಕೆ ಸೈನ್ ಹಾಕಿದ್ರೆ ಸೋಮವಾರ ಮೈಸೂರಿನ ವಿಜ್ಞಾನ ಸಭೆಲಿ ಅಪ್ಪನ ನೋಟ್‌ಬುಕ್ ಜೊತೆ ಇದನ್ನೂ ಇಡ್ತೀಯ. ದೊಡ್ಡ ದೊಡ್ಡ ಪ್ರೊಫೆಸರ್‌ಗಳು ಬತ್ತಾರೆ. ನಿನ್ನ ಹೆಸರೂ ಅದರ ಮೇಲಿರುತ್ತೆ. ಎಂಎಸ್ಸಿ ಓದೋ ಹುಡುಗಿ, ಎದ್ದು ನಿಂತ್ಕಂಡು, 'ನಮ್ಮಪ್ಪ ಸುಳ್ಳು ಹೇಳಲಿಲ್ಲ' ಅಂತೀಯ. ಅಲ್ವಾ?

ಅವರು ಸುಳ್ಳು ಹೇಳಲಿಲ್ಲ ಕಣವ್ವ. ಅದಕ್ಕೆ ಕಾಗದವೇ ಬ್ಯಾಡ. ನಾನು ಬಾಯಲ್ಲೇ ಹೇಳ್ತೀನಿ, ಯಾವ ದೇವರ ಮುಂದೆ ಬೇಕಾದ್ರೂ.

ಸೈನಾ? ತಡಿಯವ್ವ! ಅದೇನು ಅಂತ ಸರಿಯಾಗಿ ನೆನಪು ಮಾಡ್ಕೊಬೇಡ್ವಾ? ಹನ್ನೊಂದು ವರ್ಷ ಆಯ್ತು.

ನಿಮ್ಮಪ್ಪ ಪೇಪರ್ ತಗೊಂಡು ಬಂದಿದ್ದು ನೆನಪಿದೆ. ಎಂಬತ್ತೊಂಬತ್ತರಲ್ಲಿ. ಅಮೆರಿಕದಲ್ಲಿ ಯಾರೋ ಇಬ್ಬರು, ಸೂರ್ಯನೊಳಗೆ ಉರಿಯೋ ಬೆಂಕಿನ ಒಂದು ಗಾಜಿನ ಬಾಟಲಿಲಿ, ತಣ್ಣೀರಿನಲ್ಲಿ ಹಚ್ಚಿದ್ದೀವಿ ಅಂದ್ರಂತೆ. ಹೊಗೆಯಿಲ್ಲ, ಸೌದೆಯಿಲ್ಲ. ನಾನು ಅಂದೆ, 'ಮೇಷ್ಟ್ರೇ, ಅಂಗಾದ್ರೆ ನಮ್ಮ ಬ್ಯಾರನ್ನಿಗೆ ಎರಡು ಬಾಟಲಿ ತರ್ಸಿ. ಒಂದು ಬ್ಯಾರನ್ ಸೊಪ್ಪಿಗೆ ಮೂರು ಗಾಡಿ ಸೌದೆ ತಿಂತದೆ ಈ ಮುಂಡೇದು!' ನಾನು ಹೇಳಿದ್ದು ತಮಾಷೆಗೆ. ಅವರು ನಗಲಿಲ್ಲ. 'ಅದೇ ಕಣೋ ಜವರ, ಅದಕ್ಕೇ ಇದು ಬೇಕಾಗಿರೋದು. ಈ ತಾಲ್ಲೂಕಿನ ಮರವೆಲ್ಲ ನಿಮ್ಮ ಒಲೆಬಾಯಿಗೆ ಹೋಗ್ತಾ ಇದೆ' ಅಂದ್ರು.

ಆಮೇಲೆ ಪ್ರಪಂಚದ ತುಂಬ ಮಾಡಿ ನೋಡಿದ್ರು. ಕೆಲವರು ಬಿಸಿ ಬಂತು ಅಂದ್ರು, ಬಾಕಿಯೋರೆಲ್ಲ ಬರಲಿಲ್ಲ ಅಂದ್ರು. ಆರು ತಿಂಗಳಲ್ಲಿ ಮದುವೆ ಮುರಿದ ಮನೆ ಥರ ಆಯ್ತು. ಎಲ್ಲರೂ ಎದ್ದು ಹೋದ್ರು. ನಿಮ್ಮಪ್ಪ ಏಳಲಿಲ್ಲ. 'ಇಲ್ಲ ಅನ್ನೋದಕ್ಕೂ ಮಾಡಿ ನೋಡಬೇಕಲ್ವೇನೋ' ಅಂತ ಮೂರು ವರ್ಷ ಕಾಗದ ಬರೆದೂ ಬರೆದೂ, ಬೊಂಬಾಯಿಂದ ಒಂದು ಸಣ್ಣ ಬಾಟಲಿ ಭಾರಜಲ ತರಿಸಿದ್ರು. ನಾನು ಕೇಳಿದೆ, 'ಎತ್ತೋಕೆ ಆಳು ಬೇಕಾ ಮೇಷ್ಟ್ರೇ?' ಅಂತ. ಪಲ್ಲಾಡಿಯಂ ಅಂತ ಒಂದು ತಂತಿ, ಬೆಳ್ಳಿ ಥರ, ಇಷ್ಟೇ ಇಷ್ಟುದ್ದ. ನಿಮ್ಮಮ್ಮ ಶಿವರುದ್ರಮ್ಮನವರ ಕಿವಿ ಓಲೆ ಆವಾಗ್ಲೇ ಕಾಣದಂಗಾಗಿದ್ದು... ಸರಿ, ಅದು ಬ್ಯಾಡ.

ಆ ತಂತಿಗೆ ಹರಿಸೋಕೆ ಕರೆಂಟು? ಗಾವಡಗೆರೆ ಕರೆಂಟು ನಂಬ್ಕೊಂಡು ಯಾರಾದ್ರೂ ಸೂರ್ಯನ್ನ ಹಚ್ಚಕ್ಕಾಯ್ತದಾ? ನನ್ನ ಟ್ರ್ಯಾಕ್ಟರ್ ಬ್ಯಾಟರಿ ಕೊಟ್ಟೆ. ಸೊಪ್ಪು ಕಟ್ಟೋ ಕೋಣೆ ಬಿಡಿಸಿಕೊಟ್ಟೆ. ಬ್ಯಾರನ್ನಿನ ಫ್ಯಾರನ್‌ಹೀಟ್ ಥರ್ಮಾಮೀಟರ್ ಎರಡು ಕೊಟ್ಟೆ. ನಮ್ಮ ಸೋಮಿ ಉಪ್ಪಿನಕಾಯಿ ಜಾಡಿನೂ ಕೊಟ್ಟೆ, ಎರಡು, ಒಂದೊಂದಕ್ಕೆ ಹನ್ನೆರಡು ಚೊಂಬು ನೀರು ಹಿಡಿಯೋವು. ಬೈಸ್ಕೊಂಡೆ. ಒಂದು ಜಾಡಿ ನೀರೊಳಗೆ ಆ ಭಾರಜಲದ ಬಾಟಲಿ. ಇನ್ನೊಂದರಲ್ಲಿ ಬರೀ ಸಾದಾ ಬಾಟಲಿ, ಹೋಲಿಸೋಕೆ. ಸುತ್ತ ಕಡ್ಲೆಕಾಯಿ ಸಿಪ್ಪೆ, ಗೋಣಿತಾಟು. ದಿನಾ ಸ್ಕೂಲು ಬಿಟ್ಟು ಐದೂವರೆಗೆ ಬರೋರು, ಎರಡು ಜಾಡಿಗೂ ಥರ್ಮಾಮೀಟರ್ ಇಟ್ಟು ಓದೋರು, ಬರೆಯೋರು. ನಾನು ಪಕ್ಕದಲ್ಲೇ. ಸೊಪ್ಪು ಬೇಯೋ ಕಾಲದಲ್ಲಿ ಒಲೆ ಬಿಟ್ಟು ಏಳಂಗಿಲ್ಲ ಕಣವ್ವ, ಐದು ಹಗಲು ಐದು ರಾತ್ರಿ. ಗಂಟೆಗೊಂದ್ಸಲ ಡಿಗ್ರಿ ನೋಡಬೇಕು, ಹತ್ತು ಡಿಗ್ರಿ ಹೆಚ್ಚುಕಮ್ಮಿ ಆದ್ರೆ ಹಳದಿ ಆಗಬೇಕಾದ ಸೊಪ್ಪು ಕರ್ರಗಾಯ್ತದೆ. ಎಂಬತ್ತೇಳರಲ್ಲಿ ನಂದು ಒಂದು ಬ್ಯಾರನ್ ಪೂರ್ತಿ ಅಂಗೇ ಹೋಯ್ತು. ಆವಾಗ ನಿಮ್ಮಪ್ಪನೇ ಕಲಿಸಿದ್ದು, 'ತಲೇಲಿ ಇಟ್ಕೋಬೇಡ ಜವರ, ಗೋಡೆ ಮೇಲೆ ಬರಿ. ಏನು ಮಾಡಿದ್ಯೋ ಮಾಡಿದ ಹೊತ್ತಿಗೇ ಬರಿ' ಅಂತ. ಅವತ್ತಿಂದ ಒಲೆಬಾಯಿ ಪಕ್ಕದ ಗೋಡೆ ಮೇಲೆ ಇದ್ದಲಲ್ಲಿ ಬರೆಯೋದು ನಂಗೆ ಎಲೆಯಡಿಕೆ ಥರ ಅಭ್ಯಾಸ ಆಗೋಯ್ತು.

ಹ್ಞಾ? ಏನೂ ಕೇಳಲಿಲ್ವಾ? ನೀನೇನೋ ಕೇಳಿದಂಗಾಯ್ತು ನಂಗೆ.

ಬಿಸಿ ಬಂತು! ಅದನ್ನ ಹೇಳೋಕೆ ಬಂದೆ ನಾನು. ಮೊದಲ ಹತ್ತು ದಿನ ಏನೂ ಇಲ್ಲ, ಎರಡು ಜಾಡಿನೂ ಎಪ್ಪತ್ತೆಂಟು, ಎಪ್ಪತ್ತೆಂಟು. ಆಮೇಲೆ ಒಂದಿನ ದಿಢೀರಂತ... ಗೊತ್ತಾ ನಿಂಗೆ, ಮೊದಲು ಬಿಸಿ ಆಗಿದ್ದು ಸಾದಾ ಜಾಡಿ! ಹ್ಹ ಹ್ಹ! ಏನೂ ಇಲ್ಲದ ಜಾಡಿ! ಮೇಷ್ಟ್ರು ಕನ್ನಡಕ ತೆಗೆದು ಒರೆಸ್ಕೊಂಡು ಮತ್ತೆ ನೋಡಿದ್ರು. ಅದನ್ನೂ ಬರೆದ್ರು ಮಾರಾಯ್ತಿ, 'ಸಾದಾ ಜಾಡಿ ಎಂಬತ್ತನಾಲ್ಕು, ಕಾರಣ ತಿಳಿಯದು'. ಬೇರೆ ಯಾರೇ ಆಗಿದ್ರೂ ಆ ಪುಟ ಹರಿದು ಒಲೆಗೆ ಹಾಕೋರು. ಅವರು ಕೆಂಪು ಇಂಕಲ್ಲಿ ಗೆರೆ ಎಳೆದ್ರು. ಬಿಸಿ ಬಂದ ದಿನಕ್ಕೆಲ್ಲ ಅದೇ ಕೆಂಪು ಗೆರೆ. ಮುಂದಿನ ಸಲದಿಂದ ಸರಿಯಾದ ಜಾಡಿನೇ. ಆರು ಡಿಗ್ರಿ! ಬ್ಯಾಟರಿ ಕೊಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಅಂತ ಲೆಕ್ಕ ಹಾಕಿ ತೋರಿಸಿದ್ರು. ಒಂದು ಚೊಂ... ಒಂದು ಸಲಕ್ಕೆ ಆರು ಡಿಗ್ರಿ. ಎಲ್ಲ ಸೇರಿ ಹನ್ನೆರಡು ದಿನ ಕಣವ್ವ, ಒಂದೂವರೆ ತಿಂಗಳಲ್ಲಿ. ಒಂದಿನ ಬರೋದು, ಒಂದೆರಡು ದಿನ ಬರದೇ ಇರೋದು. ಅಮೆರಿಕದಲ್ಲೂ ಅಂಗೇ ಅಂತೆ, ಬಂದರೆ ಬಂತು, ಇಲ್ಲದಿದ್ರೆ ಇಲ್ಲ. ಮೇಷ್ಟ್ರಿಗೆ ಅದೇ ನಂಬಿಕೆ ಬರಿಸಿದ್ದು.

ಅವರ ಮುಖ ನೀನು ನೋಡಬೇಕಿತ್ತು. ನಲವತ್ತೈದು ವರ್ಷದ ಮನುಷ್ಯ, ಜಾಡಿ ಮುಂದೆ ಮಂಡಿಯೂರಿ ಕೂತ್ಕೊಂಡು, ಥರ್ಮಾಮೀಟರ್‌ಗೆ ಕಣ್ಣು ಅಂಟಿಸ್ಕೊಂಡು, 'ಜವರ, ಬಾರೋ, ನೀನೂ ಓದು, ನಾನು ಹೇಳಲ್ಲ, ನೀನೇ ಓದು' ಅನ್ನೋರು. ನಾನು ಓದ್ತಿದ್ದೆ. 'ಎಂಬತ್ತನಾಲ್ಕು ಮೇಷ್ಟ್ರೇ.'

ಯಾಕಂಗೆ ನೋಡ್ತೀಯ?

ನಾನು ಕುಚೇಷ್ಟೆಯೋನು, ಇಲ್ಲ ಅನ್ನಲ್ಲ. ಗುರುಪುರದ ಟಿಬೆಟಿನೋರ ಗುಡಿಲಿ, ಬುಧವಾರ ಉಪವಾಸ ಇದ್ದೋರಿಗೆ ಹಾರೋದು ಕಲಿಸ್ತಾರೆ ಅಂತ ನಮ್ಮ ಬಾಮೈದ ಚನ್ನಬಸವಣ್ಣನಿಗೆ ಹೇಳಿ ಮೂರು ಬುಧವಾರ ಉಪವಾಸ ಕೆಡವಿದ್ದೀನಿ. ನಾಕನೇ ಬುಧವಾರ ಬೆಳಗ್ಗೆನೇ ಬಸ್ಸು ಹತ್ತಿ ಹೋಗಿ ಅಲ್ಲಿನ ಒಬ್ಬ ಲಾಮಾನ ಕೇಳೇಬಿಟ್ಟ! ಆ ಲಾಮಾ ಪಾಪ ಊಟ ಹಾಕಿ ಕಳ್ಸಿದ್ರು. ಅದು ತಮಾಷೆ. ಯಾರಿಗೂ ಏನೂ ಆಗಲಿಲ್ಲ. ಎರಡು ಕೆ.ಜಿ. ಇಳಿದ, ಅಷ್ಟೇ.

ನೋಡು, ನಿಂಗೆ ಅನುಮಾನ ಇದ್ರೆ ಒಂದು ಮಾತು ಹೇಳ್ತೀನಿ. ಸೆಪ್ಟೆಂಬರ್ ಹದಿನೆಂಟು, ಶುಕ್ರವಾರ. ನೋಟ್‌ಬುಕ್ ತೆಗೆ. ಕೊನೇ ಕೆಂಪು ಗೆರೆ ಅದೇ ತಾನೆ? ಎಂಬತ್ತೈದು, ಎಲ್ಲಕ್ಕಿಂತ ಜಾಸ್ತಿ. ಅವತ್ತು ನಾನು ಊರಲ್ಲೇ ಇರಲಿಲ್ಲ! ಕೆ.ಆರ್.ನಗರದಲ್ಲಿ ನಮ್ಮ ಷಡ್ಡಕನ ಮಗೀನ ನಾಮಕರಣ. ಬೆಳಗ್ಗೆ ಹೋದೋನು ಮಾರನೇ ದಿನ ಬಂದೆ. ಹೋಳಿಗೆ ಊಟ. ಅಂದ ಮೇಲೆ? ಅದಕ್ಕೆ ಏನಂತೀಯ?

...ನೋಟ್‌ಬುಕ್ ಮುಚ್ಚಿಬಿಟ್ಯಾ? ಅಪ್ಪನ ಥರವೇ. ಅವರೂ ಮೈಸೂರಿನಲ್ಲಿ ಹಿಂಗೇ ನೋಟ್‌ಬುಕ್ ಮುಚ್ಚಿದ್ರು.

ನಾನೇ ಟ್ರ್ಯಾಕ್ಟರ್‌ನಲ್ಲಿ ಜಾಡಿ ಹೊತ್ಕೊಂಡು ಹೋಗಿದ್ದು. ಆ ಹದಿನೆಂಟು ಕಳೆದ ಸೋಮವಾರ, ಮೈಸೂರಿನ ಒಂದು ಕಾಲೇಜು, ಹೆಸರು ಬ್ಯಾಡ ಬುಡು. ಮೂರು ದಿನ ಇಟ್ರು. ಎಪ್ಪತ್ತಾರು, ಎಪ್ಪತ್ತಾರು, ಎಪ್ಪತ್ತಾರು. ಕೊನೇ ದಿನ ಒಬ್ಬ, ವಯಸ್ಸಿನ ಹುಡುಗ, ಜಾಡಿ ತಟ್ಟಿ, 'ಮೇಷ್ಟ್ರೇ, ಇದರಲ್ಲಿ ಮಜ್ಜಿಗೆ ಇಟ್ರೆ ಚೆನ್ನಾಗಿ ತಣ್ಣಗಿರುತ್ತೆ' ಅಂದ. ಎಲ್ಲರೂ ನಕ್ರು. ಮೇಷ್ಟ್ರು ಜಾಡಿ ನೀರು ಚೆಲ್ಲಿ, ಒರೆಸಿ, ಎತ್ಕೊಂಡ್ರು. ವಾಪಸ್ ಬರ್ತಾ ಬಿಳಿಕೆರೆ ದಾಟೋವರೆಗೂ ಜಾಡಿ ತಬ್ಕೊಂಡೇ ಕೂತಿದ್ರು. ಆಮೇಲೆ ಅಂದ್ರು, 'ನಿನ್ನ ಬ್ಯಾರನ್ ಹತ್ರ ಬಿಸಿ ಬಂದಿದ್ದಂತೂ ನಿಜ, ಅಲ್ವೇನೋ ಜವರ? ನೀನೂ ಓದಿದ್ದೆ.' ನಾನಂದೆ, 'ನಿಜ ಮೇಷ್ಟ್ರೇ.'

ಆಮೇಲೆ ಅದು ಎಂಗೋ ಊರಿಗೆ ಬಂತು. ಸ್ಕೂಲ್ ಮಕ್ಕಳು ತಣ್ಣೀರ್ ಮೇಷ್ಟ್ರು, ತಣ್ಣೀರ್ ಮೇಷ್ಟ್ರು ಅಂತ. ನಿಂಗೂ ಅಂದಿರಬೇಕು, ತಣ್ಣೀರ್ ಮೇಷ್ಟ್ರ ಮಗಳು ಅಂತ. ಅಂದಿದ್ರಾ? ...ಹೂಂ. ಅವರೇ ಕೇಳ್ಕೊಂಡು ಎಚ್.ಡಿ.ಕೋಟೆಗೆ ವರ್ಗ ಮಾಡಿಸ್ಕೊಂಡ್ರು. ರಿಟೈರಾಗೋಕೆ ಮೂರು ವರ್ಷ ಮುಂಚೆನೇ ರಾಜೀನಾಮೆ ಕೊಟ್ಟು ಊರಿಗೇ ವಾಪಸ್ ಬಂದ್ರು. ಮೊನ್ನೆ ಅರಳೀಕಟ್ಟೆ ಹತ್ರ ಸಿಕ್ಕಿದ್ರು. ಅವರೇ ಮಾತಾಡ್ಸಿದ್ರು ಕಣವ್ವ. 'ಸೊಪ್ಪು ಎಂಗೈತೆ ಜವರ?' ಅಂತ. ಹನ್ನೊಂದು ವರ್ಷದಲ್ಲಿ ನನ್ನ ಮೇಲೆ ಒಂದು ದಿನ...

ಕೊಡು ಪೆನ್ನು. ಸೈನ್ ಹಾಕಿ ಮುಗಿಸಾನ. ಎಲ್ಲಿ ಹಾಕ್ಲಿ, ಇಲ್ಲಾ?

ಎಲ್ಲಿ ಅಂತ ಬೆರಳಿಟ್ಟು ತೋರಿಸವ್ವ.

ಅಯ್ಯೋ, ಕಾಗದಕ್ಕೆಲ್ಲ ಮಸಿ ಆಯ್ತು ನೋಡು. ಅದಕ್ಕೇ ಹೇಳಿದ್ದು ಕೈ ತೊಳ್ಕೊ ಅಂತ... ಇದೇನು, ಬಸ್ಸಿನ ಎಣ್ಣೆ ಮಸಿ ಅಲ್ಲ ಇದು. ಒಣ ಮಸಿ. ಇದ್ದಲು.

ಇದ್ದಲು...

ನೀನು ಹಳೇ ಬ್ಯಾರನ್ನಿಗೆ ಹೋಗಿದ್ದೆ.

ಇಲ್ಲಿಗೆ ಬರೋಕೆ ಮುಂಚೆನೇ ಹೋಗಿದ್ದೆ. ಬಾಗಿಲಿಗೆ ಚಿಲಕ ಇಲ್ಲ, ಯಾರು ಬೇಕಾದ್ರೂ ಹೋಗ್ಬೋದು. ತೊಂಬತ್ತೈದರಿಂದ ಅದರಲ್ಲಿ ಸೊಪ್ಪು ಬೇಯಿಸಿಲ್ಲ ನಾನು. ಪ್ರತಿ ವರ್ಷ ಸೋಮಿ ಬಯ್ತಾಳೆ, 'ಆ ಗೋಡೆಗೊಂದು ಸುಣ್ಣ ಹೊಡೆದ್ರೆ ಕುರಿ ಆದ್ರೂ ಕಟ್ಬೋದು' ಅಂತ. ನಾನು ಬ್ಯಾಡ ಅಂತೀನಿ. ಎರಡು ಸಲ ಸುಣ್ಣ ಕಲಸಿದ್ದೀನಿ ಕಣವ್ವ. ಬ್ರಷ್ಷು ಹಿಡ್ಕೊಂಡು ಒಳಕ್ಕೂ ಹೋಗಿದ್ದೀನಿ. ಆಗಲಿಲ್ಲ.

ಎಣಿಸಿದ್ಯಾ?

ಎಣಿಸಿರ್ತೀಯ ಬುಡು, ಯಾರ ಮಗಳು. ಬೆರಳಿಟ್ಟು ಒಂದೊಂದೇ ಎಣಿಸಿದ್ದೀಯ. ಅದಕ್ಕೇ ಮಸಿ. ಡಿಗ್ರಿ ಸಾಲಿನ ಪಕ್ಕದಲ್ಲಿ ಚೊಂಬಿನ ಚಿತ್ರ. ಹನ್ನೊಂದು ಚೊಂಬು.

ನಗಬೇಡ... ಇಲ್ಲ, ನೀನೆಲ್ಲಿ ನಕ್ಕೆ. ನಾನೇ.

ಸೊಪ್ಪು ಬೇಯೋ ಕಾಲದಲ್ಲಿ ಒಲೆಬಾಯಿ ಹತ್ರ ಒಂದು ಹಂಡೆ ಇರ್ತದೆ. ಬೀದಿಯೋರೆಲ್ಲ ಅಲ್ಲಿಂದಲೇ ಸ್ನಾನಕ್ಕೆ ನೀರು ತಗೊಂಡೋಗೋರು. ಐದು ಗಂಟೆಗೆ, ಮೇಷ್ಟ್ರು ಬರೋ ಅರ್ಧ ಗಂಟೆ ಮುಂಚೆ, ಜಾಡಿಯಿಂದ ಒಂದು ಚೊಂಬು ತಣ್ಣೀರು ತೆಗೆದೆ, ಹಂಡೆಯಿಂದ ಒಂದು ಚೊಂಬು ಸುರಿದೆ. ನೀರಿನ ಮಟ್ಟ ಅಷ್ಟೇ. ಮೊದಲನೇ ದಿನ ಜಾಡಿ ಅದಲುಬದಲಾಯ್ತು, ನಂಗೆ ಯಾವುದು ಯಾವುದು ಅಂತ ಗೊತ್ತಿರಲಿಲ್ಲ. ಒಂದು ದಿನದ ತಮಾಷೆ ಕಣವ್ವ! ರಾತ್ರಿ ಊಟದ ಹೊತ್ತಿಗೆ ಹೇಳಿ ಇಬ್ಬರೂ ನಗಾನ ಅಂತಿದ್ದೆ. ಅಷ್ಟೊತ್ತಿಗೆ ಅವರು ಮಂಡಿಯೂರಿ ಕೂತ್ಬುಟ್ರಲ್ಲ... ಆ ಮುಖ ನೋಡಿ ಹೇಳೋಕಾಗಲಿಲ್ಲ. ನಾಳೆ ಹೇಳಾನ ಅಂದ್ಕೊಂಡೆ. ನಾಳೆ ಇನ್ನೊಂದು ಚೊಂಬು. ಮತ್ತೆ ನಾಕು ದಿನ ಬಿಟ್ಟೆ, ತಾನೇ ಮರೀತಾರೆ ಅಂತ. ಅವರು ಸೊರಗೋದು ನೋಡೋಕಾಗದೆ ಮತ್ತೊಂದು. ಸುರಿದು ಬಂದು ಇದ್ದಲು ತಗೊಂಡು ಡಿಗ್ರಿ ಬರೆಯೋವಾಗ ಕೈ ತಾನಾಗಿ ಚೊಂಬು ಬರೀತಿತ್ತು. ಮಾಡಿದ್ದನ್ನ ಮಾಡಿದ ಹೊತ್ತಿಗೇ ಬರಿ ಅಂತ ಅವರೇ ಕಲಿಸಿದ್ರಲ್ಲ.

ಮೈಸೂರಲ್ಲೂ ಹುಡುಕಿದೆ ನಾನು. ಕಾಲೇಜ್ ಕ್ಯಾಂಟೀನಿಗೆ ಹೋಗಿ ಒಂದು ಚೊಂಬು ಬಿಸಿನೀರು ಕೊಡಿ ಅಂತ ಬೇಡ್ಕೊಂಡೆ. ಕೊಟ್ರು. ತಗೊಂಡು ಬಂದ್ರೆ ಆ ರೂಮಿಗೆ ಬೀಗ. ಚೊಂಬು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ, ಅದು ಆರೋವರೆಗೂ.

ಬಯ್ಯಿ. ಎದ್ದು ಒಂದು ಬಾರಿಸು, ಬೇಕಾದ್ರೆ. ಗೋಡೆ ನೋಡಿದ ಮೇಲೂ ಯಾಕೆ ಈ ಕಾಗದ ತಂದೆ? ನಾನು ಸೈನ್ ಹಾಕ್ತೀನಾ ಇಲ್ವಾ ಅಂತ ನೋಡೋಕಾ?

...ಅಲ್ವಾ?

ಮತ್ತೆ ಏನು ತೋರಿಸ್ತಿದ್ದೀಯ? ಹದಿನೆಂಟು. ನೋಟ್‌ಬುಕ್ಕಲ್ಲಿ ಕೆಂಪು ಗೆರೆ ಹನ್ನೆರಡು. ಗೋಡೆ ಮೇಲೆ ಚೊಂಬು ಹನ್ನೊಂದು.

ಓ.

ಅದಕ್ಕೆ ಬಂದ್ಯಾ ನೀನು. ಆ ಹನ್ನೊಂದಕ್ಕಲ್ಲ. ಅವನ್ನ ಗೋಡೆ ಮುಂದೇನೇ ಅತ್ತು ಮುಗಿಸಿ ಬಂದಿದ್ದೀಯ, ಈಗ ಕಾಣ್ತದೆ ನಿನ್ನ ಕಣ್ಣು. ಈ ಒಂದು ದಿನ ಉಳಿದಿದೆ ಅಂತ ಬಂದಿದ್ದೀಯ. ಈ ಒಂದು ದಿನ ಜವರಯ್ಯ ಮುಟ್ಟಿಲ್ಲ, ಈ ಒಂದು ದಿನ ಅಪ್ಪನ ಜಾಡಿ ತಾನಾಗೇ ಬಿಸಿ ಆಯ್ತು. ಹನ್ನೊಂದು ಹೋದ್ರೂ ಒಂದು ಸಾಕು, ಅಲ್ವಾ? ಅಪ್ಪನಿಗೆ ಕೊಡೋಕೆ.

ಹೂಂ ಕಣವ್ವ. ಮುಟ್ಟಿಲ್ಲ. ಹೇಳಿದೆನಲ್ಲ, ಕೆ.ಆರ್.ನಗರ. ನಾಮಕರಣ. ಅವತ್ತು ಬಂದಿದ್ದು ನಿಜವಾದ ಬಿಸಿ. ಅಷ್ಟು ಮಾತ್ರ ಬರಿ, ಸೈನ್ ಹಾಕ್ತೀನಿ, ಕಣ್ಮುಚ್ಕೊಂಡು ಹಾಕ್ತೀನಿ. ಸೋಮವಾರ ಎದ್ದು ನಿಂತು ಹೇಳು...

ಏನು?

ಯಾಕೆ ಬಾಗಿಲ ಕಡೆ ನೋಡ್ತೀಯ? ಅಲ್ಲಿಂದ ಬ್ಯಾರನ್ ಕಾಣ್ತದೆ, ಹೌದು...

ಹದಿನೆಂಟನೇ ತಾರೀಕಿನ ಡಿಗ್ರಿ. ಗೋಡೆ ಮೇಲೆ ಐತೆ. ಗಂಟೆ ಗಂಟೆಗೂ ಐತೆ. ಬೆಳಗ್ಗೆ ಆರರಿಂದ. ನನ್ನದೇ ಬರ. ನಾಕು ಗಂಟೆಗೆ ನೂರಾ ನಲವತ್ತು, ಐದು ಗಂಟೆಗೆ ನೂರಾ ನಲವತ್ತೆರಡು... ಒಲೆ ಬಿಟ್ಟು ಯಾವ ನಾಮಕರಣಕ್ಕೆ ಹೋಗಲಿ ನಾನು?

ಗೊತ್ತಿತ್ತು ನಿಂಗೆ. ಅದನ್ನೂ ನೋಡಿದ್ದೀಯ. ಆದರೂ ನಾನು 'ಮುಟ್ಟಿಲ್ಲ' ಅಂದಾಗ ಒಂದು ಗಳಿಗೆ ನಂಬೋಕೆ ನೋಡ್ದೆ, ಅಲ್ವೇನವ್ವ. ನಿನ್ನ ಮುಖಾನೂ ಅಂಗೇ ಆಯ್ತು. ಜಾಡಿ ಮುಂದೆ ಕೂತಿದ್ದ ಮುಖ.

ಹಿಂದಿನ ದಿನ ಅವರು ಸೋತು ಹೋಗಿದ್ರು. ಹದಿನೈದು ದಿನದಿಂದ ಬಿಸಿ ಬಂದಿರಲಿಲ್ಲ. ನಾನು ನಿಲ್ಲಿಸಿಬಿಟ್ಟಿದ್ದೆ, ಸಾಕು ಅಂತ. 'ಜವರ, ಮೈಸೂರಿಗೆ ಬರಲ್ಲ ಅಂತ ಕಾಗದ ಹಾಕಿಬಿಡ್ತೀನಿ. ಎಲ್ಲೋ ನಂದೇ ತಪ್ಪಿರಬೇಕು. ನಾಳೆ ಒಂದು ಸಲ ನೋಡ್ತೀನಿ, ಬರದಿದ್ರೆ ಜಾಡಿ ನಿಮ್ಮ ಮನೆಯೋರಿಗೆ ಉಪ್ಪಿನಕಾಯಿಗೆ ಕೊಟ್ಬುಡ್ತೀನಿ' ಅಂದ್ರು. ನಗ್ತಾನೇ ಅಂದ್ರು.

ಮಾರನೇ ದಿನ ಸುಮ್ಮನಿದ್ದಿದ್ರೆ ಆಗ್ತಿತ್ತು. ಅಷ್ಟೇ, ಸುಮ್ಮನಿರೋದು. ಮೈಸೂರಿಲ್ಲ, ಮಜ್ಜಿಗೆ ಮಾತಿಲ್ಲ, ಕೋಟೆಗೆ ವರ್ಗ ಇಲ್ಲ. ಐದು ಗಂಟೆಗೆ ಹಂಡೆ ಹತ್ರ ಹೋದೆ. ಚೊಂಬು ತುಂಬ ತುಳುಕೋ ಹಂಗೆ ತಗೊಂಡೆ. ಅದಕ್ಕೇ ಎಂಬತ್ತೈದು. ಬಂದು ನೂರಾ ನಲವತ್ತೆರಡು ಅಂತ ಬರೆದೆ. ಚೊಂಬು ಬರೆಯೋಕೆ ಇದ್ದಲು ಎತ್ತಿದೆ. ಆ ಹನ್ನೊಂದೂ ತಮಾಷೆ ಅಂತ ಬರೆದೆ ಕಣವ್ವ, ಕೊನೆಗೂ ಅದು ತಮಾಷೆನೇ ಅಂತ. ಇದು ತಮಾಷೆ ಅಲ್ಲ ಅಂತ ಕೈಗೆ ಗೊತ್ತಿತ್ತು. ಬರೀಲಿಲ್ಲ.

ಈಗಲೂ ನೋಡು, ನಿನ್ನ ಮುಖ ನೋಡಿ ಇನ್ನೊಂದು ಚೊಂಬು ಸುರಿಯೋಕೆ ಹೋದೆ.

ನಿಮ್ಮಪ್ಪ ಮನೇಲವ್ರಾ? ...ಏಳು, ಹೋಗಾನ. ನೀನೇನೂ ಹೇಳಬ್ಯಾಡ, ನಾನೇ ಹೇಳ್ತೀನಿ. ಈ ಕಾಗದ ಒಲೆಗೆ ಹಾಕು. ನೋಟ್‌ಬುಕ್ ಮಾತ್ರ ಬ್ಯಾಡ, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪೆನ್ನು ತಗೋ, ಅದರ ಕೊನೇ ಪುಟದಲ್ಲಿ ನನ್ನ ಹೆಸರು ಬರಿ. ಪಕ್ಕದಲ್ಲಿ ಎಷ್ಟು ಅಂತ ಬರಿ.

ಹನ್ನೊಂದಲ್ಲ ಕಣವ್ವ. ಹನ್ನೆರಡು ಅಂತ ಬರ್ಕೊ.